ನಲವತ್ತು ಫೈಲ್, ನಲವತ್ತರಲ್ಲೂ ದರ 1.0: ಒಂದು ಕರ್ವ್ ಫಿಟ್ ರಿಪೇರಿ

ಕೆಲಸ ಸಣ್ಣದೇ. ಸ್ಟೀಲ್ ಪಾತ್ರೆಗೆ 250 ಮಿ.ಲೀ. ಬಿಸಿನೀರು ಹಾಕಬೇಕು, ಹೊದಿಕೆ ಸುತ್ತಬೇಕು, ಎಷ್ಟು ಬೇಗ ಆರುತ್ತದೆ ಅಂತ ಅಳೆಯಬೇಕು. ಐದು ಬಗೆಯ ಹೊದಿಕೆ. ಅದರಲ್ಲಿ ಒಂದು ಬಗೆ ಅಂದರೆ ಏನೂ ಸುತ್ತದೆ ಹಾಗೇ ಬಿಟ್ಟಿದ್ದು. ಒಂದೊಂದಕ್ಕೂ ಎಂಟು ಸಲ. ಒಟ್ಟು 40 ಓಟ, 40 ಫೈಲ್. ಒಂದು ಸುತ್ತಿಗೆ ನಾಲ್ಕು ಪಾತ್ರೆ, ಪ್ರತಿ ಪಾತ್ರೆಯಲ್ಲೂ ತಾಪ ಅಳೆಯುವ ಒಂದು ಡಿಎಸ್18ಬಿ20 ಸೆನ್ಸರ್. 30 ಸೆಕೆಂಡಿಗೊಂದು ರೀಡಿಂಗ್, ನಾಲ್ಕು ಗಂಟೆ. ಹಾಗಾಗಿ ಫೈಲಿಗೆ 481 ಸಾಲು.

ಮಾಡೆಲ್ ಕೂಡ ಹಳೆಯದೇ, ನ್ಯೂಟನ್‌ನ ತಣಿಯುವ ಸೂತ್ರ: ತಾಪ = ತಳ + ಎತ್ತರ × ಎಕ್ಸ್‌ಪಿ(−ದರ × ಸಮಯ). ಎಕ್ಸ್‌ಪಿ ಅಂದರೆ ಇ (ಸುಮಾರು 2.718) ಅನ್ನು ಆವರಣದೊಳಗಿನ ಘಾತಕ್ಕೆ ಏರಿಸುವುದು. ತಳ ಅಂದರೆ ಕೋಣೆಯ ತಾಪ, ಎತ್ತರ ಅಂದರೆ ಶುರುವಿನಲ್ಲಿ ನೀರು ಅದಕ್ಕಿಂತ ಎಷ್ಟು ಬಿಸಿ ಇತ್ತು ಅನ್ನೋದು. ನನಗೆ ಬೇಕಾಗಿದ್ದು ದರ ಒಂದೇ. ಪೈಥಾನ್ ಭಾಷೆ, ಅದರ ಲೆಕ್ಕದ ಲೈಬ್ರರಿಗಳಾದ ನಂಪೈ ಮತ್ತು ಸೈಪೈ, ಸೈಪೈನಲ್ಲಿರುವ ಕರ್ವ್ ಫಿಟ್: ಗೆರೆ ಚುಕ್ಕೆಗಳಿಗೆ ಹೊಂದುವವರೆಗೆ ತಳ, ಎತ್ತರ, ದರದಂಥ ಸಂಖ್ಯೆಗಳನ್ನು (ಪ್ಯಾರಾಮೀಟರ್) ಸರಿಸುತ್ತಾ ಹೋಗುವ ಫಂಕ್ಷನ್. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ನಾಲ್ಕು ಸಂಜೆ, ಒಂದು ಇಡೀ ಭಾನುವಾರ ಹೋಯಿತು. ಎಲ್ಲೆಲ್ಲಿ ಎಡವಿದೆ ಅಂತ ಬರೆದಿಟ್ಟುಕೊಂಡಿದ್ದೆ, ಅದನ್ನೇ ಇಲ್ಲಿ ಕ್ರಮವಾಗಿ ಹಾಕುತ್ತಿದ್ದೇನೆ.

1. ಮೊದಲ ಸಂಜೆ: ವಾರ್ನಿಂಗ್‌ನ ಬಾಯಿ ಮುಚ್ಚಿಸಿದ್ದು

ಸ್ಕ್ರಿಪ್ಟ್ ಓಡಿಸಿದ ತಕ್ಷಣ ಪರದೆ ತುಂಬ ಒಂದೇ ಮಾತು: ಪ್ಯಾರಾಮೀಟರ್‌ಗಳ ಕೋವೇರಿಯನ್ಸ್ ಅಂದಾಜು ಮಾಡಲು ಆಗಲಿಲ್ಲ. ನಲವತ್ತು ಫೈಲಿಗೆ ನಲವತ್ತು ಸಲ. (ಕೋವೇರಿಯನ್ಸ್ ಅಂದರೆ ಸಿಕ್ಕ ಸಂಖ್ಯೆಗಳು ಎಷ್ಟು ಅನಿಶ್ಚಿತ, ಒಂದಕ್ಕೊಂದು ಎಷ್ಟು ಅಂಟಿಕೊಂಡಿವೆ ಅಂತ ತಿಳಿಸುವ ಪಟ್ಟಿ.)

ಇಲ್ಲೇ ನನ್ನ ಮೊದಲ ತಪ್ಪು, ದೊಡ್ಡದೂ ಅದೇ. "ಕೋವೇರಿಯನ್ಸ್ ನನಗೆ ಬೇಕಾಗಿಯೇ ಇಲ್ಲ, ದರ ಸಿಕ್ಕರೆ ಸಾಕು" ಅಂತ ವಾರ್ನಿಂಗ್ ಫಿಲ್ಟರ್ ಹಾಕಿ ಎಲ್ಲವನ್ನೂ ಮುಚ್ಚಿಬಿಟ್ಟೆ. ಪರದೆ ಸ್ವಚ್ಛ. ಹೊದಿಕೆವಾರು ಸರಾಸರಿ ತೆಗೆದೆ. ಐದಕ್ಕೂ ಒಂದೇ ದರ! "ಯಾವ ಹೊದಿಕೆ ಸುತ್ತಿದರೂ ಅಷ್ಟೇ, ಸುತ್ತದಿದ್ದರೂ ಅಷ್ಟೇ" ಅಂತ ಗೆಳೆಯನಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದ್ರೆ ಜನ ಸ್ವೆಟರ್ ಯಾಕೆ ಹಾಕ್ಕೊಳ್ತಾರೆ?"

ವಾಪಸ್ ಬಂದು ಸರಾಸರಿ ಬಿಟ್ಟು ಒಂದೊಂದೇ ಸಂಖ್ಯೆ ನೋಡಿದೆ. ದರ 1.0. ಎತ್ತರ 1.0. ನಲವತ್ತರಲ್ಲೂ, ದಶಮಾಂಶದ ಕೊನೆಯ ಅಂಕಿಯವರೆಗೂ. ತಳ ಮಾತ್ರ ಬೇರೆ ಬೇರೆ. ಅದು ಏನು ಅಂತ ನೋಡಿದರೆ ಆಯಾ ಫೈಲಿನ ತಾಪಗಳ ಸರಾಸರಿ.

ಕರ್ವ್ ಫಿಟ್‌ಗೆ ನಾವು ಶುರುವಿನ ಊಹೆ ಕೊಡದಿದ್ದರೆ ಅದು ಎಲ್ಲ ಪ್ಯಾರಾಮೀಟರನ್ನೂ 1 ಅಂತ ಹಿಡಿದು ಹೊರಡುತ್ತದೆ. ಅಂದರೆ ಈ ಎರಡು ಸಂಖ್ಯೆಗಳು ಹೊರಟ ಜಾಗದಿಂದ ಒಂದು ಹೆಜ್ಜೆಯೂ ಇಟ್ಟಿಲ್ಲ. ಕೋವೇರಿಯನ್ಸ್ ಮ್ಯಾಟ್ರಿಕ್ಸ್ ಪ್ರಿಂಟ್ ಮಾಡಿದೆ. ಒಂಬತ್ತು ಮನೆಯಲ್ಲೂ ಇನ್ಫಿನಿಟಿ. ವಾರ್ನಿಂಗ್ ಹೇಳಿದ್ದು ಇದನ್ನೇ. ನಾನು ಕಿವಿಗೆ ಹತ್ತಿ ಇಟ್ಟುಕೊಂಡಿದ್ದೆ.

2. ಅದೇ ರಾತ್ರಿ: ಮ್ಯಾಕ್ಸ್‌ಎಫ್‌ಇವಿ ಏರಿಸಿದ್ದು, ಏನೂ ಆಗಲಿಲ್ಲ

ಇಂಥ ವಾರ್ನಿಂಗ್ ಕಂಡರೆ ಎಲ್ಲರ ಕೈ ಮೊದಲು ಹೋಗುವುದು ಮ್ಯಾಕ್ಸ್‌ಎಫ್‌ಇವಿಗೆ, ಅಂದರೆ ಮಾಡೆಲ್ ಫಂಕ್ಷನನ್ನು ಎಷ್ಟು ಸಲ ಕರೆಯಬಹುದು ಅನ್ನೋ ಮಿತಿಗೆ. ನನ್ನ ಕೈಯೂ ಅಲ್ಲಿಗೇ ಹೋಯಿತು. ಒಂದು ಲಕ್ಷ ಕೊಟ್ಟೆ. ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು, ಮೊದಲಿನದ್ದೇ.

ಬೇಗ ಬಂದಿದ್ದೇ ಸುಳಿವು ಅಲ್ವಾ? ಫುಲ್ ಔಟ್‌ಪುಟ್ ಕೇಳಿ ಎಷ್ಟು ಸಲ ಕರೆದಿದೆ ಅಂತ ನೋಡಿದೆ. ಇಪ್ಪತ್ತೂ ದಾಟಿಲ್ಲ. ಮಿತಿ ಸಾಲದೇ ನಿಂತಿದ್ದಲ್ಲ. ಎಲ್ಲಿ ತಿರುಗಿದರೂ ನೆಲ ಮಟ್ಟಸವಾಗಿ ಕಂಡಿದ್ದಕ್ಕೆ "ಇದೇ ತಳ" ಅಂತ ಕೂತಿದೆ. ಮಿತಿ ಮುಟ್ಟಿದ್ದರೆ ವಾರ್ನಿಂಗ್ ಬರುತ್ತಲೇ ಇರಲಿಲ್ಲ. ನೇರ ಎರರ್ ಬಂದು ಸ್ಕ್ರಿಪ್ಟ್ ನಿಲ್ಲುತ್ತಿತ್ತು. ಇವೆರಡೂ ಬೇರೆ ಬೇರೆ ಕಾಯಿಲೆ. ಆ ಎರರ್ ಕೂಡ ಆಮೇಲೆ ಬಂತು, ಐದನೇ ಹಂತದಲ್ಲಿ ಹೇಳುತ್ತೇನೆ.

ಫಿಲ್ಟರ್ ತೆಗೆದೆ. ಬರೀ ತೆಗೆಯೋದಲ್ಲ, ಆಪ್ಟಿಮೈಜ್ ವಾರ್ನಿಂಗ್ ಬಂದರೆ ಎರರ್ ಅಂತಲೇ ಲೆಕ್ಕ ಹಾಕು ಅಂತ ಬರೆದೆ. ಒಂದೇ ಸಾಲು. ಮುಂದೆ ನನ್ನನ್ನು ಕಾಪಾಡಿದ್ದು ಆ ಸಾಲೇ.

3. ಎರಡನೇ ಸಂಜೆ: ಫಿಟ್ ಮಾಡುವ ಮೊದಲು ಊಹೆಯನ್ನೇ ಬರೆದು ನೋಡಿದ್ದು

ಈ ಸಲ ಫಿಟ್ ಮಾಡಲಿಲ್ಲ. ಡೇಟಾ ಚುಕ್ಕೆಗಳನ್ನು ಹಾಕಿ, ಅದರ ಮೇಲೆ ಶುರುವಿನ ಊಹೆಯ ಗೆರೆ ಎಳೆದೆ. ಡೇಟಾ ಮೇಲಿಂದ ಇಳಿಜಾರಾಗಿ ಬರುತ್ತಿದೆ. ಊಹೆಯ ಗೆರೆ 1 ಡಿಗ್ರಿಯಲ್ಲಿ ಚಪ್ಪಟೆ. ಎಕ್ಸ್‌ಪಿ ಭಾಗ ಇದೆ ಅನ್ನೋ ಗುರುತೇ ಇಲ್ಲ.

ಸಮಯದ ಕಾಲಮ್ ನೋಡಿದೆ. ಲಾಗರ್ (ರೀಡಿಂಗ್ ಬರೆದಿಡುವ ಸಾಧನ) ಯುನಿಕ್ಸ್ ಸಮಯ ಬರೆದಿತ್ತು, 1970ರಿಂದ ಎಣಿಸಿದ ಸೆಕೆಂಡು. 170 ಕೋಟಿಗೂ ಜಾಸ್ತಿ. ಅದನ್ನು ಹಾಗೇ ಮಾಡೆಲ್‌ಗೆ ಸುರಿದಿದ್ದೇನೆ. ಎಕ್ಸ್‌ಪಿ ಒಳಗೆ ಸುಮಾರು −745ಕ್ಕಿಂತ ಕೆಳಗಿನದ್ದು ಹೋದರೆ ಕಂಪ್ಯೂಟರಿಗೆ ಅದು ಸೊನ್ನೆ. ಇಲ್ಲಿ ಹೋಗುತ್ತಿರುವುದು ಮೈನಸ್ 170 ಕೋಟಿ. ಸೊನ್ನೆಯನ್ನು ಯಾವ ಎತ್ತರದಿಂದ ಗುಣಿಸಿದರೆ ಏನು!

ಮೊದಲ ಸಾಲಿನ ಸಮಯವನ್ನು ಎಲ್ಲದರಿಂದ ಕಳೆದೆ. ಈಗ 0, 30, 60... 14400. ಮತ್ತೆ ಓಡಿಸಿದೆ. ಮತ್ತೆ ಅದೇ ವಾರ್ನಿಂಗ್, ಆದರೆ ಚಿತ್ರ ಬೇರೆ. ಮೊದಲ ಚುಕ್ಕೆಯನ್ನು ಗೆರೆ ಸರಿಯಾಗಿ ಮುಟ್ಟುತ್ತದೆ, ಮರುಕ್ಷಣವೇ ಧೊಪ್ಪನೆ ಬಿದ್ದು ಉಳಿದ 480 ಚುಕ್ಕೆಗಳ ಸರಾಸರಿಯಲ್ಲಿ ಮಲಗುತ್ತದೆ. ದರ ಇನ್ನೂ 1.0. ಯಾಕಂದರೆ ಸೆಕೆಂಡಿನ ಲೆಕ್ಕದಲ್ಲಿ ದರ 1 ಅಂದರೆ ನೀರು ಕೆಲವು ಸೆಕೆಂಡಲ್ಲೇ ಪೂರ್ತಿ ತಣ್ಣಗಾಗಬೇಕು. 30ನೇ ಸೆಕೆಂಡಿಗೆ ಉಳಿಯೋದು ಎಕ್ಸ್‌ಪಿ(−30), ಸೊನ್ನೆ ಬಿಂದು ಆದಮೇಲೆ ಹದಿಮೂರು ಸೊನ್ನೆ ಕಳೆದು ಬರುವ ಅಂಕಿ. ದರವನ್ನು ಚೂರು ಅಲುಗಾಡಿಸಿದರೆ ಆಗುವ ವ್ಯತ್ಯಾಸ ರೌಂಡಿಂಗ್‌ನಲ್ಲೇ ಕಳೆದುಹೋಗುತ್ತದೆ.

ಸೆಕೆಂಡು ಬಿಟ್ಟು ನಿಮಿಷಕ್ಕೆ ಬಂದೆ. ಊಹೆಯನ್ನು ಡೇಟಾದಿಂದಲೇ ತೆಗೆದೆ. ಏಳನೇ ಫೈಲಿನ ಲೆಕ್ಕ ಹೀಗಿತ್ತು, ಅದು ಹೊದಿಕೆ ಇಲ್ಲದ್ದು. ಕೊನೆಯ ರೀಡಿಂಗ್ 27.3125, ಇನ್ನೂ ಸ್ವಲ್ಪ ಇಳಿಯುತ್ತೆ ಅಂತ ಅರ್ಧ ಡಿಗ್ರಿ ಕಳೆದು ತಳ 26.8125. ಮೊದಲ ರೀಡಿಂಗ್ 82.375, ಅದರಿಂದ ತಳ ಕಳೆದರೆ ಎತ್ತರ 55.5625. ಎತ್ತರ ಶೇ. 37ಕ್ಕೆ ಇಳಿಯೋದು ಯಾವಾಗ? ತಾಪ 47.25 ಆದಾಗ. ಫೈಲಲ್ಲಿ ಹುಡುಕಿದರೆ 57ನೇ ನಿಮಿಷ. ಹಾಗಾದರೆ ದರ 1/57, ಅಂದಾಜು 0.0175. ಗೆರೆ ಎಳೆದು ನೋಡಿದರೆ ಫಿಟ್ ಮಾಡುವ ಮೊದಲೇ ಚುಕ್ಕೆಗಳ ಮೇಲೆ ಕೂತಂತಿದೆ. ಊಹೆ ಅಂದರೆ ಹೀಗಿರಬೇಕು.

ಆರು ಫೈಲುಗಳಲ್ಲಿ ಮಾತ್ರ ಊಹೆಯ ಗೆರೆ ಶುರುವಿನಲ್ಲಿ ಚುಕ್ಕೆಗಳಿಗಿಂತ ಮೇಲೆ ಹಾರಿತ್ತು. ನೋಡಿದರೆ ಆ ಆರರಲ್ಲೂ ಮೊದಲ ರೀಡಿಂಗ್ ಸರಿಯಾಗಿ 85.0. ಡಿಎಸ್18ಬಿ20ಗೆ ಕರೆಂಟ್ ಬಂದ ಕೂಡಲೇ ಅದರ ಮೆಮೊರಿಯಲ್ಲಿ ಇರುವ ಸಂಖ್ಯೆ 85. ಮೊದಲ ಅಳತೆ ಮುಗಿಯೋ ಮುಂಚೆ ಓದಿದರೆ ಅದೇ ಸಿಗುತ್ತದೆ. 12 ಬಿಟ್‌ನಲ್ಲಿ ಒಂದು ಅಳತೆಗೆ 750 ಮಿಲಿಸೆಕೆಂಡ್ ತನಕ ಬೇಕು, ನನ್ನ ಲಾಗರ್ ಕಾದಿರಲಿಲ್ಲ. ಬೇರೆ ಯಾವ ಕೆಲಸದಲ್ಲಾದರೂ 85 ಡಿಗ್ರಿ ಅಂತ ಬಂದರೆ ತಕ್ಷಣ ಅನುಮಾನ ಬರುತ್ತಿತ್ತು. ಇಲ್ಲಿ ನೀರೇ 80ರ ಮೇಲಿತ್ತು! 33ನೇ ಫೈಲಲ್ಲಿ 85.0 ಆದಮೇಲೆ ಮುಂದಿನದ್ದು 79.4 ಹತ್ತಿರ. ಅರ್ಧ ನಿಮಿಷಕ್ಕೆ ಅರ್ಧ ಡಿಗ್ರಿ ಇಳಿಯುವ ನೀರು ಒಮ್ಮೆಲೇ ಐದೂವರೆ ಡಿಗ್ರಿ ಹೇಗೆ ಇಳಿಯುತ್ತೆ? ಆ ಸಾಲುಗಳನ್ನು ತೆಗೆದೆ.

4. ಮೂರನೇ ಸಂಜೆ: ಚಿತ್ರ ಚೆನ್ನಾಗಿದೆ, ವಾರ್ನಿಂಗ್ ಮಾತ್ರ ಹೋಗಿಲ್ಲ

ಇದು ಬಹಳ ಕಾಡಿದ ಹಂತ. ಒಳ್ಳೆಯ ಊಹೆ ಕೊಟ್ಟಿದ್ದೇನೆ, ನಲವತ್ತೂ ಚಿತ್ರಗಳಲ್ಲಿ ಗೆರೆ ಚುಕ್ಕೆಗಳ ಮೇಲೇ ಹೋಗುತ್ತಿದೆ. ಆದರೂ ಕೋವೇರಿಯನ್ಸ್ ಅಂದಾಜು ಆಗಲಿಲ್ಲ ಅಂತ ಎರರ್. ಹಳೇ ಫಿಲ್ಟರ್ ಇದ್ದಿದ್ದರೆ "ಮುಗೀತು" ಅಂತ ಎದ್ದು ಹೋಗುತ್ತಿದ್ದೆ.

ಸಂಖ್ಯೆ ಪ್ರಿಂಟ್ ಮಾಡಿದೆ. ಏಳನೇ ಫೈಲು: ತಳ 26.8125, ಎತ್ತರ 55.5625. ನಾನು ಕೊಟ್ಟ ಊಹೆಯೇ! ನಲವತ್ತು ಫೈಲಲ್ಲೂ ತಳ, ಎತ್ತರ ಎರಡೂ ಕೊಟ್ಟಿದ್ದೇ ವಾಪಸ್ ಬಂದಿವೆ. ದರ ಅಲ್ಲೊಂದು ಇಲ್ಲೊಂದು ಫೈಲಲ್ಲಿ ಕೊಂಚ ಅಲುಗಿದೆ, ಅಷ್ಟೇ. ಚಿತ್ರ ಚೆನ್ನಾಗಿ ಕಂಡಿದ್ದು ಫಿಟ್ ಚೆನ್ನಾಗಿದೆ ಅಂತಲ್ಲ, ನನ್ನ ಊಹೆ ಚೆನ್ನಾಗಿತ್ತು ಅಂತ.

ನನ್ನ ಡೇಟಾದ ತಪ್ಪೋ ಕೋಡ್‌ನ ತಪ್ಪೋ ಗೊತ್ತಾಗಲಿಲ್ಲ. ಉತ್ತರ ಮೊದಲೇ ಗೊತ್ತಿರುವ ಲೆಕ್ಕ ಬೇಕಿತ್ತು. ಅಮೆರಿಕದ ಅಳತೆ-ಮಾನಕಗಳ ಸಂಸ್ಥೆ ಎನ್‌ಐಎಸ್‌ಟಿ ಇದಕ್ಕೆಂದೇ ಕೆಲವು ಡೇಟಾ ಸೆಟ್ ಇಟ್ಟಿದೆ. ಪ್ರತಿಯೊಂದಕ್ಕೂ ಎರಡು ಶುರುವಿನ ಊಹೆ, ಜೊತೆಗೆ ಖಾತ್ರಿ ಮಾಡಿದ ಉತ್ತರ. ಮಿಸ್ರಾ1ಎ ಅನ್ನೋದು ಎತ್ತಿಕೊಂಡೆ. 14 ಚುಕ್ಕೆ, ಎರಡೇ ಪ್ಯಾರಾಮೀಟರ್: ವೈ = ಬಿ1 × (1 − ಎಕ್ಸ್‌ಪಿ(−ಬಿ2 × ಎಕ್ಸ್)). ಸರಿ ಉತ್ತರ ಬಿ1 = 238.942, ಬಿ2 = 0.00055016. ಅವರೇ ಕೊಟ್ಟ ಹತ್ತಿರದ ಊಹೆ 250 ಮತ್ತು 0.0005. ನನ್ನ ಕೋಡಿಗೆ ಹಾಕಿದೆ. ಬಂದ ಉತ್ತರ: 250 ಮತ್ತು 0.0005.

ಅಲ್ಲಿಗೆ ಡೇಟಾ ನಿರಪರಾಧಿ. ಕೋಡನ್ನು ಸಾಲು ಸಾಲಾಗಿ ಓದಿದೆ. ಸಿಕ್ಕಿತು. ತಿಂಗಳುಗಳ ಹಿಂದೆ ಬೇರೆ ಯಾವುದೋ ಕೆಲಸಕ್ಕೆ, ಮೆಮೊರಿ ಉಳಿಸೋಣ ಅಂತ, ಎಲ್ಲ ಮಾಡೆಲ್ ಫಂಕ್ಷನ್‌ಗೂ ಒಂದು ರ್‍ಯಾಪರ್ ಬರೆದಿದ್ದೆ. ಒಳಗೆ ಬರುವ ಎಲ್ಲವನ್ನೂ, ಪ್ಯಾರಾಮೀಟರ್ ಸಮೇತ, ಫ್ಲೋಟ್32, ಅಂದರೆ ಸುಮಾರು ಏಳು ಅಂಕಿಯಷ್ಟೇ ನಿಖರವಾಗಿ ಉಳಿಯುವ 32 ಬಿಟ್ ಸಂಖ್ಯೆ, ಮಾಡುವುದು ಅದರ ಕೆಲಸ (ಮಾಮೂಲಿ ಫ್ಲೋಟ್64ರಲ್ಲಿ ಹದಿನೈದು–ಹದಿನಾರು ಅಂಕಿ). ಕಾಪಿ ಮಾಡುವಾಗ ಅದೂ ಜೊತೆಗೆ ಬಂದಿದೆ.

ಕರ್ವ್ ಫಿಟ್ ಇಳಿಜಾರನ್ನು ಕಂಡುಕೊಳ್ಳುವುದು ಪ್ಯಾರಾಮೀಟರನ್ನು ಚೂರೇ ಚೂರು ಸರಿಸಿ, ಮಾಡೆಲ್ ಎಷ್ಟು ಬದಲಾಯಿತು ಅಂತ ನೋಡಿ. ಆ ಚೂರು ಅಂದರೆ ಪ್ಯಾರಾಮೀಟರಿನ ಸುಮಾರು 0.000000015 ಪಾಲು. ಫ್ಲೋಟ್64ಗೆ ಅದು ಸರಿಯಾದ ಅಳತೆ. ಫ್ಲೋಟ್32ಗೆ 1ರ ನಂತರ ಬರುವ ಮುಂದಿನ ಸಂಖ್ಯೆಯೇ 0.00000012 ದೂರದಲ್ಲಿದೆ. 250ಕ್ಕೆ 0.0000037 ಸೇರಿಸಿದರೂ ಫ್ಲೋಟ್32 ಕಣ್ಣಿಗೆ ಅದು 250ನೇ. ಸರಿಸಿದ್ದೇ ಗೊತ್ತಾಗಲಿಲ್ಲ ಅಂದಮೇಲೆ ಇಳಿಜಾರು ಸೊನ್ನೆ. ತಳ, ಎತ್ತರ ಒಂದಿಷ್ಟೂ ಅಲುಗದ್ದಕ್ಕೆ ಇನ್ನೊಂದು ಕಾರಣವೂ ಇದೆ. ಸೆನ್ಸರ್ ಕೊಡುವುದು 0.0625ರ ಲೆಕ್ಕದಲ್ಲಿ, ಅಂದರೆ ಹದಿನಾರನೇ ಒಂದು. ಅಂಥ ಸಂಖ್ಯೆಗಳು ಫ್ಲೋಟ್32ರಲ್ಲಿ ಚೂರೂ ತಪ್ಪದೆ ಕೂರುತ್ತವೆ, ಅಷ್ಟು ಸಣ್ಣ ತಳ್ಳುವಿಕೆಗೆ ಜಗ್ಗಲ್ಲ. ಸೈಪೈ ದಾಖಲೆಯಲ್ಲೇ ಇನ್‌ಪುಟ್ಟೂ ಮಾಡೆಲ್‌ನ ಔಟ್‌ಪುಟ್ಟೂ ಫ್ಲೋಟ್64 ಇರಲಿ ಅಂತ ಬರೆದಿದ್ದಾರೆ. ನಾನು ಅದನ್ನು ಓದಿದ್ದು ಎಲ್ಲ ಆದಮೇಲೆ.

ರ್‍ಯಾಪರ್ ಕಿತ್ತುಹಾಕಿದೆ. ಮಿಸ್ರಾ1ಎ: 238.942, 0.00055016. ದೂರದ ಊಹೆಯಿಂದ, ಅಂದರೆ 500 ಮತ್ತು 0.0001ರಿಂದ, ಹೊರಟರೂ ಅಲ್ಲಿಗೇ ಬಂತು. ಏಳನೇ ಫೈಲು: ತಳ 26.4, ಎತ್ತರ 55.5, ದರ 0.0172. ವಾರ್ನಿಂಗ್ ಇಲ್ಲ. ಕುರ್ಚಿಯಿಂದ ಎದ್ದು ಒಂದು ಸುತ್ತು ಓಡಾಡಿ ಬಂದೆ.

ನೀವೂ ಮಾಡಿ ನೋಡಬಹುದು: ಅದೇ ಮಿಸ್ರಾ1ಎಯನ್ನು ಊಹೆ ಕೊಡದೆ ಓಡಿಸಿ. ಬಿ1 = 43.34 ಬರುತ್ತದೆ, ಅದು 14 ವೈಗಳ ಬರೀ ಸರಾಸರಿ. ಬಿ2 = 1. ಎಕ್ಸ್ ಶುರುವಾಗೋದೇ 77.6ರಿಂದ. ಎಕ್ಸ್‌ಪಿ(−77.6) ಅನ್ನು 1ರಿಂದ ಕಳೆದರೆ ಸಿಗೋದು 1ನೇ. ನನ್ನ ಮೂರನೇ ಹಂತದ ಕಾಯಿಲೆಯ ಚಿಕ್ಕ ಮಾದರಿ ಅದು. ಊಹೆಯನ್ನು ಕೈಯಲ್ಲೇ ತೆಗೆಯೋದೂ ಸುಲಭ. ಮೊದಲ ಚುಕ್ಕೆಯಲ್ಲಿ ವೈಯನ್ನು ಎಕ್ಸ್‌ನಿಂದ ಭಾಗಿಸಿದರೆ 0.1298. ಕೊನೆಯದರಲ್ಲಿ, 81.78 ಭಾಗಿಸು 760, ಅಂದರೆ 0.1076. ಸಣ್ಣ ಎಕ್ಸ್‌ಗೆ ಈ ಭಾಗಲಬ್ಧ ಬಿ1 × ಬಿ2 × (1 − ಬಿ2 × ಎಕ್ಸ್ / 2) ಹತ್ತಿರ ಇರುತ್ತದೆ. ಎರಡು ಚುಕ್ಕೆಗೆ ನೇರ ಗೆರೆ ಹಾಕಿ ಬಿಡಿಸಿದರೆ ಬಿ2 ಸುಮಾರು 0.00049, ಬಿ1 ಸುಮಾರು 269. ಕಾಗದ ಪೆನ್ನಿನ ಐದು ನಿಮಿಷಕ್ಕೆ ಇಷ್ಟು ಹತ್ತಿರ ಬಂದರೆ ಸಾಕಲ್ವಾ.

5. ಭಾನುವಾರ: ಆಸೆಬುರುಕತನ

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಡೇಟಾದಿಂದ ಮಾಡೆಲ್ ಕಳೆದು ಉಳಿಕೆ ಬರೆದು ನೋಡಿದಾಗ ಮೊದಲ ಐದಾರು ನಿಮಿಷ ಒಂದು ಕೊಂಡಿ ಕಂಡಿತು. ಮೊದಲ ಚುಕ್ಕೆ ಗೆರೆಗಿಂತ ಅರ್ಧ ಡಿಗ್ರಿ ಮೇಲೆ, ಆಮೇಲೆ ಸ್ವಲ್ಪ ಕೆಳಗೆ, ನಂತರ ಸಮ. ಪಾತ್ರೆ ತಾನು ಬಿಸಿಯಾಗಲು ನೀರಿನ ಬಿಸಿ ಎಳೆದುಕೊಳ್ಳುತ್ತದೆ, ಅದಕ್ಕಿರಬೇಕು. ಸರಿ, ಎರಡನೇ ಎಕ್ಸ್‌ಪಿ ಸೇರಿಸೋಣ ಅಂದುಕೊಂಡೆ. ಒಂದು ಬೇಗದ ದರ, ಒಂದು ನಿಧಾನದ ದರ, ಎರಡು ಎತ್ತರ, ಒಂದು ತಳ. ಐದು ಪ್ಯಾರಾಮೀಟರ್.

ಈಗ ಬಂತು ಆ ಇನ್ನೊಂದು ಎರರ್: ಫಂಕ್ಷನ್ ಕರೆಗಳು ಮಿತಿ ಮುಟ್ಟಿದವು, 1200. ಕರ್ವ್ ಫಿಟ್‌ನ ಮಾಮೂಲಿ ಲೆವೆನ್‌ಬರ್ಗ್–ಮಾರ್ಕ್ವಾರ್ಟ್ ವಿಧಾನದಲ್ಲಿ ಮಿತಿ 200 × (ಪ್ಯಾರಾಮೀಟರ್ + 1). ಐದಕ್ಕೆ 1200, ಸರಿ ಇದೆ.

ಮೊದಲ ಯತ್ನ: ಮಿತಿಯನ್ನು 20000 ಮಾಡಿದೆ. ಈ ಸಲ ಉತ್ತರ ಬಂತು. ಒಂದು ಎತ್ತರ 1843.2, ಇನ್ನೊಂದು −1787.9. ದರಗಳು 0.01731, 0.01732. ಎರಡು ಸಾವಿರ ಡಿಗ್ರಿ ಹತ್ತಿರದ ಎರಡು ದೈತ್ಯರು ಒಬ್ಬರನ್ನೊಬ್ಬರು ತಳ್ಳಿಕೊಂಡು ನಿಂತು ನಡುವೆ 55 ಡಿಗ್ರಿ ಉಳಿಸಿದ್ದಾರೆ. ಗೆರೆ ಚುಕ್ಕೆಗಳ ಮೇಲೇ ಇದೆ. ಅರ್ಥ ಮಾತ್ರ ಇಲ್ಲ.

ಎರಡನೇ ಯತ್ನ: ಬೌಂಡ್ಸ್. ಎತ್ತರ ಸೊನ್ನೆಗಿಂತ ಕಡಿಮೆ ಬೇಡ, ಬೇಗದ ದರ 2ಕ್ಕಿಂತ ಜಾಸ್ತಿ ಬೇಡ. ಬೌಂಡ್ಸ್ ಕೊಟ್ಟ ಕೂಡಲೇ ಕರ್ವ್ ಫಿಟ್ ಸದ್ದಿಲ್ಲದೆ ಟಿಆರ್‌ಎಫ್ ಅನ್ನೋ, ಮಿತಿ ಪಾಲಿಸುವ ಇನ್ನೊಂದು ವಿಧಾನಕ್ಕೆ ಬದಲಾಗುತ್ತದೆ. ಎರರ್ ಹೋಯಿತು. ಆದರೆ 13 ಫೈಲಲ್ಲಿ ಬೇಗದ ದರ 2ಕ್ಕೆ, ಅಂದರೆ ನಾನು ಕಟ್ಟಿದ ಬೇಲಿಗೆ, ಆತು ನಿಂತಿತ್ತು. ಬೇಲಿಗೆ ಆತ ಸಂಖ್ಯೆ ಡೇಟಾ ಕೊಟ್ಟಿದ್ದಲ್ಲ, ನಾನೇ ಕೊಟ್ಟಿದ್ದು. ಅದರ ಪಕ್ಕ ಬರುವ ದೋಷದ ಅಂದಾಜನ್ನೂ ನಂಬುವಂತಿಲ್ಲ.

ಮೂರನೇ ಯತ್ನ: ದರದ ಬದಲು ದರದ ಲಾಗ್ ಫಿಟ್ ಮಾಡಿದೆ, ಸೊನ್ನೆಗಿಂತ ಕೆಳಗೆ ಹೋಗುವ ಮಾತೇ ಇಲ್ಲ. ಬೇಗದ ದರ = ನಿಧಾನದ ದರ + ಎಕ್ಸ್‌ಪಿ(ಏನೋ ಒಂದು) ಅಂತ ಬರೆದೆ, ಇಬ್ಬರೂ ಜಾಗ ಅದಲು ಬದಲು ಮಾಡಿಕೊಳ್ಳೋದು ನಿಂತಿತು. ಇದು ನಿಜಕ್ಕೂ ಒಳ್ಳೆಯ ಉಪಾಯ, ಇಟ್ಟುಕೊಂಡಿದ್ದೇನೆ. ಆದರೂ ಊಹೆಯನ್ನು ಅರ್ಧದಿಂದ ಎರಡರಷ್ಟರವರೆಗೆ ಕುಲುಕಿ 20 ಸಲ ಓಡಿಸಿದರೆ ಬೇರೆ ಬೇರೆ ಉತ್ತರ. ಉಳಿಕೆಗಳ ವರ್ಗಗಳ ಮೊತ್ತ ನಾಲ್ಕು ಅಂಕಿಯವರೆಗೂ ಒಂದೇ. ಒಂದೇ ಎಕ್ಸ್‌ಪಿಯ ಮಾಡೆಲನ್ನು ಹೀಗೆ ಕುಲುಕಿದಾಗ ಇಪ್ಪತ್ತೂ ಒಂದೇ ಕಡೆ ಬಂದಿದ್ದವು.

ಅದೇ ಡೇಟಾವನ್ನು ಆರ್ ಅನ್ನೋ ಅಂಕಿಅಂಶದ ಭಾಷೆಯಲ್ಲಿ ಇದೇ ಕೆಲಸ ಮಾಡುವ ಎನ್‌ಎಲ್‌ಎಸ್‌ಗೂ ಕೊಟ್ಟು ನೋಡಿದೆ. ಅದು ಮುಲಾಜಿಲ್ಲದೆ "ಸಿಂಗ್ಯುಲರ್ ಗ್ರೇಡಿಯಂಟ್" ಅಂತ, ಅಂದರೆ ಇಳಿಜಾರು ನೋಡಿ ಪ್ಯಾರಾಮೀಟರುಗಳನ್ನು ಬೇರ್ಪಡಿಸಲು ಆಗುತ್ತಿಲ್ಲ ಅಂತ, ಮುಖದ ಮೇಲೆ ಎಸೆಯಿತು. ಈ ವಿಷಯದಲ್ಲಿ ನನಗೆ ಆರ್‌ನ ಸ್ವಭಾವವೇ ಇಷ್ಟ. ಇದರ ನಡುವೆ ಇನ್ನೊಂದು ಎಡವಟ್ಟು: ಪರೀಕ್ಷೆಗೆ ಅಂತ ನಾನೇ ಸೂತ್ರದಿಂದ ಡೇಟಾ ತಯಾರಿಸಿ ಎನ್‌ಎಲ್‌ಎಸ್‌ಗೆ ಕೊಟ್ಟೆ. ಗದ್ದಲವೇ, ಅಂದರೆ ಅಳತೆಯ ಸಣ್ಣ ಏರುಪೇರೇ, ಇಲ್ಲದ ಡೇಟಾ. ಅಲ್ಲೂ ಎರರ್, ಹೆಜ್ಜೆ 0.000976562ಕ್ಕಿಂತ ಕೆಳಗಿಳಿಯಿತು ಅಂತ. ಆ ವಿಚಿತ್ರ ಸಂಖ್ಯೆ ಏನೂ ಅಲ್ಲ, 1/1024. ಎನ್‌ಎಲ್‌ಎಸ್ ನಿಲ್ಲುವ ಲೆಕ್ಕವನ್ನು ಉಳಿಕೆಗೆ ಹೋಲಿಸಿ ಮಾಡುತ್ತದೆ, ಉಳಿಕೆಯೇ ಸೊನ್ನೆ ಆದರೆ ಹೋಲಿಸೋದು ಯಾವುದಕ್ಕೆ? ಹೀಗೆ ಮಾಡಬೇಡಿ ಅಂತ ಅದರ ದಾಖಲೆಯಲ್ಲೇ ಇದೆ. ಚೂರು ಗದ್ದಲ ಬೆರೆಸಿದ ಮೇಲೆ ಸುಮ್ನೆ ಓಡಿತು. ಇದಕ್ಕೇ ಒಂದೂವರೆ ಗಂಟೆ.

ನಾಲ್ಕನೇ ಯತ್ನದಲ್ಲಿ ವಿಷಯ ಬಗೆಹರಿಯಿತು. ಎರಡು ದರಗಳನ್ನು ಗಟ್ಟಿ ಹಿಡಿದರೆ ಉಳಿದ ಮೂರು, ಅಂದರೆ ತಳ ಮತ್ತು ಎರಡು ಎತ್ತರ, ಸಾದಾ ಲೀನಿಯರ್ ಲೆಕ್ಕ. ಊಹೆ ಬೇಡ, ಸುತ್ತಾಟ ಬೇಡ, ಒಂದೇ ಏಟಿಗೆ ಸಿಗುತ್ತವೆ. ಗಣಿತಜ್ಞರಾದ ಗೋಲಬ್ ಮತ್ತು ಪೆರೆಯ್ರಾ 1973ರಲ್ಲೇ ಇದನ್ನು ವಿಧಾನವಾಗಿ ಕಟ್ಟಿಕೊಟ್ಟಿದ್ದಾರೆ. ನಾನು ಅಷ್ಟು ನಾಜೂಕಾಗಿ ಮಾಡಲಿಲ್ಲ. ಲಾಗ್ ಅಳತೆಯಲ್ಲಿ 60 ದರ ಇಟ್ಟುಕೊಂಡು ಅವುಗಳ 1770 ಜೋಡಿಗೂ ಲೆಕ್ಕ ಮಾಡಿ, ಉಳಿಕೆಯ ಮೊತ್ತವನ್ನು ಬಣ್ಣದ ನಕ್ಷೆ ಮಾಡಿದೆ. ಫೈಲಿಗೆ ಒಂದು ಸೆಕೆಂಡೂ ಹಿಡಿಯಲಿಲ್ಲ.

ನಕ್ಷೆ ನೋಡಿದ ಮೇಲೆ ಮಾತೇ ಇಲ್ಲ. 11 ಫೈಲಲ್ಲಿ ಒಂದು ಸ್ಪಷ್ಟ ಗುಳಿ ಇದೆ. ಉಳಿದ 29ರಲ್ಲಿ ಗುಳಿಯಲ್ಲ, ಉದ್ದನೆಯ ಕಾಲುವೆ. ಏಳನೇ ಫೈಲಲ್ಲಿ ಬೇಗದ ದರ 0.15 ಇರಲಿ, 0.6 ಇರಲಿ, ಮೊತ್ತದ ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆ. ಫಿಟ್ ಮಾಡುವ ಪ್ರೋಗ್ರಾಂ ಪಾಪ ಆ ಕಾಲುವೆಯಲ್ಲಿ ಅತ್ತಿಂದಿತ್ತ ನಡೆದು ಸುಸ್ತಾಗಿ ಎರರ್ ಕೊಡುತ್ತಿತ್ತು. ನನ್ನ ಬಳಿ ಇದ್ದಿದ್ದು ಮೊದಲ ಆರು ನಿಮಿಷದ 12 ಚುಕ್ಕೆ, ಅದೂ 0.0625ರ ಮೆಟ್ಟಿಲಲ್ಲಿ. ಅದರಿಂದ ಎರಡನೇ ದರ ಹಿಂಡಿ ತೆಗೀತೀನಿ ಅಂದರೆ ಹೇಗೆ.

ಎಕ್ಸ್‌ಪಿಗಳ ಮೊತ್ತ ಹೀಗೆ ಕೈಕೊಡೋದು ಹೊಸದೇನಲ್ಲ. ಗಣಿತಜ್ಞ ಲಾಂಕ್ಜೋಸ್ ಇದನ್ನು 1956ರಲ್ಲೇ ತೋರಿಸಿದ್ದರು, ಎನ್‌ಐಎಸ್‌ಟಿಯ ಪಟ್ಟಿಯಲ್ಲಿ ಅವರ ಹೆಸರಿನ ಮೂರು ಡೇಟಾ ಸೆಟ್ ಇವೆ. ಭಾನುವಾರ ಬೆಳಗ್ಗೆಯೇ ಇದು ನೆನಪಾಗಿದ್ದರೆ ಊಟವಾದರೂ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು.

ತೀರ್ಮಾನ: ಎರಡನೇ ಎಕ್ಸ್‌ಪಿ ಕಿತ್ತೆ. ಮೊದಲ ಆರು ನಿಮಿಷದ 12 ಸಾಲು ಬಿಟ್ಟು ಉಳಿದ 469ಕ್ಕೆ ಒಂದೇ ಎಕ್ಸ್‌ಪಿ. ಸಮಯವನ್ನು ಮತ್ತೆ ಸೊನ್ನೆಯಿಂದ ಶುರು ಮಾಡಲಿಲ್ಲ. ಮಾಡಿದರೂ ದರ ಬದಲಾಗಲ್ಲ, ಎತ್ತರದ ಅರ್ಥ ಬದಲಾಗುತ್ತದೆ.

6. ಕೊನೆಯ ಸಂಜೆ: ವಾರ್ನಿಂಗ್ ಇಲ್ಲದ ತಪ್ಪುಗಳು

ನಲವತ್ತೂ ಫೈಲು ತಕರಾರಿಲ್ಲದೆ ಓಡಿದವು. ಅಷ್ಟರಲ್ಲಿ ನನಗೆ ಮೌನದ ಮೇಲೂ ನಂಬಿಕೆ ಹೋಗಿತ್ತು. ಪ್ರತಿ ಫೈಲಿಗೂ ಮೂರು ಸಂಖ್ಯೆಗಳ ಪಕ್ಕ ಅವುಗಳ ದೋಷದ ಅಂದಾಜು ಪ್ರಿಂಟ್ ಮಾಡಿ, ಉಳಿಕೆಯ ಚಿತ್ರಗಳನ್ನು ಒಂದೇ ಹಾಳೆಗೆ ಹಾಕಿ ಕಣ್ಣಾಡಿಸಿದೆ.

19ನೇ ಫೈಲಲ್ಲಿ ಮೂರು ಸಾಲು −127. ಸೆನ್ಸರ್ ಸಂಪರ್ಕ ತಪ್ಪಿದಾಗ ಲೈಬ್ರರಿ ಕೊಡುವ ಸಂಖ್ಯೆ ಅದು. ನ್ಯಾನ್ (ಸಂಖ್ಯೆಯೇ ಅಲ್ಲ ಅನ್ನೋ ಗುರುತು) ಇದ್ದಿದ್ದರೆ ಕರ್ವ್ ಫಿಟ್ ಬಾಗಿಲಲ್ಲೇ ತಡೆಯುತ್ತಿತ್ತು. −127 ಅದರ ಕಣ್ಣಿಗೆ ಒಂದು ಸಂಖ್ಯೆ ಅಷ್ಟೇ, ನೀರು ಮೂರು ಸಲ ಗಡ್ಡೆ ಕಟ್ಟಿ ಮತ್ತೆ ಬಿಸಿಯಾಯಿತು ಅಂತ ನಂಬಿಕೊಂಡು ಫಿಟ್ ಮಾಡಿದೆ. ಮೊದಲು ಜಾಣತನ ತೋರಿಸಲು ಹೋಗಿ ಸಾಫ್ಟ್ ಎಲ್1 ಲಾಸ್ ಹಾಕಿದೆ, ಅಂದರೆ ತೀರಾ ದೂರದ ಚುಕ್ಕೆಗಳಿಗೆ ಕಡಿಮೆ ತೂಕ ಕೊಡುವ ಲೆಕ್ಕ. ಲೆವೆನ್‌ಬರ್ಗ್–ಮಾರ್ಕ್ವಾರ್ಟ್ ಅದನ್ನು ಒಪ್ಪಲ್ಲ, ಟಿಆರ್‌ಎಫ್‌ಗೆ ಹೋಗಬೇಕು. ಆಮೇಲೆ ಅನ್ನಿಸಿತು, ಸಾಲು ಅಳಿಸಿದರೆ ಆಯ್ತಲ್ಲ! ಅಳಿಸಿದೆ.

22ನೇ ಫೈಲು 40 ನಿಮಿಷಕ್ಕೇ ನಿಂತಿತ್ತು, ಕೇಬಲ್ ಸಡಿಲವಾಗಿ. ಫಿಟ್ ಆಯಿತು, ವಾರ್ನಿಂಗ್ ಇಲ್ಲ. ತಳ −11 ಡಿಗ್ರಿ, ಅದರ ದೋಷ ±30. ಕೋಣೆಯಲ್ಲಿ ಹಿಮ ಬಿದ್ದಿರಲಿಲ್ಲ. ಬಾಗಿದ ಗೆರೆಯ ಮೊದಲ ತುಂಡು ನೋಡಿದರೆ ಅದು ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಾಗೋದಿಲ್ಲ.

ದಪ್ಪ ಹೊದಿಕೆಯ ಫೈಲುಗಳಲ್ಲೂ ಇದೇ ತೊಂದರೆ, ಸ್ವಲ್ಪ ಕಡಿಮೆ. ಅವುಗಳ ದರ 0.008 ಸುಮಾರು, ನಾಲ್ಕು ಗಂಟೆ ಆದಮೇಲೂ ಎತ್ತರದ ಏಳನೇ ಒಂದು ಭಾಗ ಉಳಿದಿರುತ್ತದೆ. ಅಲ್ಲಿ ತಳ ಮತ್ತು ದರ ಒಂದಕ್ಕೊಂದು ಗಂಟು ಹಾಕಿಕೊಂಡಿರುತ್ತವೆ, ತಳ ಒಂದು ಡಿಗ್ರಿ ಸರಿದರೆ ದರವೂ ಸರಿಯುತ್ತದೆ. ಕೋಣೆಯಲ್ಲಿ ಐದನೇ ಸೆನ್ಸರ್ ಒಂದು ಇಟ್ಟಿದ್ದೆ, ಸುಮ್ನೆ ಇರಲಿ ಅಂತ. ಅದರ ಸರಾಸರಿಯನ್ನೇ ತಳ ಅಂತ ಕಟ್ಟಿಹಾಕಿ ಎರಡೇ ಪ್ಯಾರಾಮೀಟರ್ ಫಿಟ್ ಮಾಡಿದೆ. ಎಂಟು ಓಟಗಳ ದರ ಒಂದರ ಹತ್ತಿರ ಒಂದು ಬಂದವು. ಒಂದು ಸುತ್ತಿನಲ್ಲಿ ಮಾತ್ರ ಕೋಣೆಯೇ 1.2 ಡಿಗ್ರಿ ಏರಿತ್ತು. ಅದಕ್ಕೆ ಸರಾಸರಿ ಸಾಲದು, ಆ ಸುತ್ತಿನ ನಾಲ್ಕು ಫೈಲುಗಳನ್ನು ಬದಿಗಿಟ್ಟಿದ್ದೇನೆ.

ಈಗ ಸ್ಕ್ರಿಪ್ಟ್ ಕೊನೆಯಲ್ಲಿ ಒಂದು ಚಿಕ್ಕ ಫಂಕ್ಷನ್ ಇದೆ. ಯಾವುದಾದರೂ ಪ್ಯಾರಾಮೀಟರ್ ಊಹೆಗೆ ಸರಿಸಮ ಇದ್ದರೆ, ಬೇಲಿಗೆ ಆತಿದ್ದರೆ, ದೋಷ ಇನ್ಫಿನಿಟಿ ಇದ್ದರೆ ಅಥವಾ ಪ್ಯಾರಾಮೀಟರಿಗಿಂತ ದೊಡ್ಡದಿದ್ದರೆ ಫೈಲಿನ ಹೆಸರು ಕೆಂಪಲ್ಲಿ ಬರುತ್ತದೆ. ಸ್ಕ್ರಿಪ್ಟ್ ಶುರುವಾದಾಗ ಮೊದಲು ಮಿಸ್ರಾ1ಎ ಓಡುತ್ತದೆ. 238.942 ಬರದಿದ್ದರೆ ಮುಂದಕ್ಕೆ ಹೋಗಲ್ಲ.

35 ಫೈಲು ಪಾಸಾಗಿವೆ. ಐದು ಓಟ ಮತ್ತೆ ಮಾಡಬೇಕು: ಕೋಣೆ ಬಿಸಿಯಾದ ನಾಲ್ಕು, ಮತ್ತು 22ನೇದು. ಈ ಸಲ ಮೊದಲ ಆರು ನಿಮಿಷ ಎರಡು ಸೆಕೆಂಡಿಗೊಂದು ರೀಡಿಂಗ್ ತೆಗೆಯುತ್ತೇನೆ, ಆ ಕೊಂಡಿಯ ಮೇಲೆ ಇನ್ನೂ ಆಸೆ ಬಿಟ್ಟಿಲ್ಲ. ಕೇಬಲ್ಲಿಗೆ ಟೇಪ್ ಸುತ್ತಿ ಆಗಿದೆ.